ಮಾವನವರ ಪ್ಲಗ್ ಪಾಯಿಂಟು

ಲೋಕದಲ್ಲಿ ಎಲ್ಲರೂ ಕರೆಂಟಿಗೆ ಹೆದರುತ್ತಾರೆ. ಆದರೆ ರಾಣೆಬೆನ್ನೂರಿನ ನಮ್ಮ ಮಾವನವರಿಗೆ ಕರೆಂಟೇ ಹೆದರುತ್ತಿತ್ತು! ಹಾಗಂತ ನಾನು ಹೇಳುತ್ತಿಲ್ಲ, ಅವರೇ ಹೇಳುತ್ತಿದ್ದರು.

ಅವರದು ಬೀಜದ ಅಂಗಡಿ. ಜೋಳ, ಹತ್ತಿ, ಮೆಣಸಿನಕಾಯಿ ಬೀಜ ಬಿಟ್ಟರೆ ಬೇರೆ ವಿದ್ಯೆ ಕಲಿತವರಲ್ಲ. ಆದರೂ ಮನೆಗೆ ಮೊದಲ ಸಲ ಕರೆಂಟು ಬಂದಾಗ ಇಡೀ ವೈರಿಂಗನ್ನು ಸ್ವಂತ ಕೈಯಿಂದಲೇ ಮಾಡಿದ್ದರಂತೆ. ಅಂದಿನಿಂದ ಆ ಮನೆಯ ಒಂದು ಸ್ಕ್ರೂ ಮುಟ್ಟುವ ಹಕ್ಕೂ ಬೇರೆಯವರಿಗಿರಲಿಲ್ಲ. ಪರಿಣಾಮ? ಪಡಸಾಲೆಯ ಸ್ವಿಚ್ಚು ಹಾಕಿದರೆ ಬಚ್ಚಲಿನ ದೀಪ ಹತ್ತುತ್ತಿತ್ತು. ಯಾಕೆ ಹೀಗೆ ಎಂದರೆ ಉತ್ತರ ಸಿದ್ಧ: "ಬಚ್ಚಲಕ್ಕ ಹೋಗೋರು ಪಡಸಾಲಿ ದಾಟೇ ಹೋಗ್ಬೇಕಲ್ಲ? ಹೋಗೂಮುಂದ ಹಚ್ಚಿಕೊಂಡು ಹೋಗ್ಲಿ ಅಂತ ಹಂಗ ಮಾಡೇನಿ!"

ಎಂಬತ್ತರ ದಶಕದ ಕೊನೆಯಲ್ಲಿ ನಾನು ಬ್ಯಾಡಗಿಯಿಂದ ಆ ಮನೆಗೆ ಸೊಸೆಯಾಗಿ ಬಂದೆ. ನನ್ನ ಜೊತೆ ತವರಿನವರು ಕೊಟ್ಟ ಒಂದು ಮಿಕ್ಸಿಯೂ ಬಂತು. ಓಣಿಗೇ ಅದು ಹೊಸದು. ನೋಡಲು ನೆರೆಹೊರೆಯ ಹೆಂಗಸರೆಲ್ಲ ಅಡುಗೆಮನೆಯಲ್ಲಿ ಸೇರಿದರು. ಅಲ್ಲಿದ್ದ ಒಂದೇ ಒಂದು ಪ್ಲಗ್ ಪಾಯಿಂಟಿಗೆ ಮಾವನವರು ಖುದ್ದಾಗಿ ಪಿನ್ನು ಸಿಕ್ಕಿಸಿ ಸ್ವಿಚ್ಚು ಹಾಕಿದರು. ಮಿಕ್ಸಿ ಒಮ್ಮೆ "ಗುರ್" ಎಂದು ಸುಮ್ಮನಾಯಿತು.

"ಪಿನ್ ಹೊಸಾದು, ಪಾಯಿಂಟ್ ಹಳೇದು. ಹೊಂದಿಕೊಳ್ಳಾಕ ವ್ಯಾಳೆ ಬೇಕು. ಹೊಸಾ ಸೊಸಿ ಇದ್ದಂಗ," ಎಂದರು ಮಾವನವರು, ನನ್ನತ್ತ ನೋಡಿ ನಗುತ್ತಾ.

ಒಲೆಯ ಮುಂದೆ ಕೂತಿದ್ದ ಅತ್ತೆ ತಿರುಗಿಯೂ ನೋಡದೆ ಹೇಳಿದರು: "ನಾ ಬಂದು ಮೂವತ್ತು ವರ್ಷ ಆತು. ಇನ್ನೂ ಹೊಂದಿಲ್ಲ."

ಪಾಯಿಂಟು ಹೊಂದಿಕೊಳ್ಳಲೇ ಇಲ್ಲ. ಪಿನ್ನನ್ನು ಎಡಕ್ಕೆ ವಾಲಿಸಿ, ಕೆಳಗೆ ಕಡ್ಡಿಪೆಟ್ಟಿಗೆಯ ರಟ್ಟು ಸಿಕ್ಕಿಸಿ, ಮೇಲಿಂದ ಲಟ್ಟಣಿಗೆಯಿಂದ ಒತ್ತಿ ಹಿಡಿದರೆ ಮಾತ್ರ ಮಿಕ್ಸಿ ತಿರುಗುತ್ತಿತ್ತು. ಅಂದರೆ ಒಂದು ಚಟ್ನಿಗೆ ಇಬ್ಬರು ಬೇಕು! ಲಟ್ಟಣಿಗೆ ಹಿಡಿಯಲು ಅತ್ತೆ, ಮುಚ್ಚಳ ಹಿಡಿಯಲು ನಾನು. ಒಂದು ದಿನ ಕೆಂಪು ಮೆಣಸಿನಕಾಯಿ ಚಟ್ನಿ ರುಬ್ಬುತ್ತಿದ್ದೆವು. ಮಿಕ್ಸಿ ನಿಂತುಬಿಟ್ಟಿತು. ಏನಾಯಿತೆಂದು ನಾನು ಮುಚ್ಚಳ ತೆಗೆದೆ. ಅದೇ ಹೊತ್ತಿಗೆ ಅತ್ತೆ ಲಟ್ಟಣಿಗೆ ಒತ್ತಿದರು. ಮುಂದಿನದನ್ನು ಹೇಳಬೇಕೇ? ಗೋಡೆ, ಜಂತಿ, ಅತ್ತೆಯ ಮೂಗು ಎಲ್ಲ ಕೆಂಪು! ನಮ್ಮ ಸೀನಿನ ಸದ್ದು ಕೇಳಿ ಓಡಿಬಂದ ಮಾವನವರು ನಮ್ಮಿಬ್ಬರನ್ನೂ ನೋಡಿ, "ಅಂದ್ರ ಪಾಯಿಂಟ್ ಚಾಲೂ ಐತಿ ಅಂತಾತು," ಎಂದು ಸಮಾಧಾನದಿಂದ ಅಂಗಡಿಗೆ ಹೋದರು.

ಆಮೇಲೆ ಅವರ ಅನುಮಾನ ಓಣಿಯ ತುದಿಯ ಹಿಟ್ಟಿನ ಗಿರಣಿಯ ಮೇಲೆ ತಿರುಗಿತು. ಗಿರಣಿಯೇ ಎಲ್ಲ ವೋಲ್ಟೇಜು ಎಳೆದುಕೊಳ್ಳುತ್ತಿದೆಯಂತೆ! ಹೋಗಿ ಗಿರಣಿಯವರನ್ನು ಒಪ್ಪಿಸಿ ಐದು ನಿಮಿಷ ಯಂತ್ರ ನಿಲ್ಲಿಸಿಯೇ ಬಂದರು. ಜೋಳದ ಡಬ್ಬಿ ಹೊತ್ತ ಹೆಂಗಸರೆಲ್ಲ ಬಾಯಿಗೆ ಬಂದಂತೆ ಬೈಯುತ್ತಾ ಬಿಸಿಲಲ್ಲಿ ನಿಂತರು. ಇಲ್ಲಿ ನಮ್ಮ ಮಿಕ್ಸಿ ಮಿಸುಕಲಿಲ್ಲ. "ಇರ್ಲಿ," ಎಂದರು ಮಾವನವರು, "ಗಿರಣಿದು ತಪ್ಪಿಲ್ಲ ಅಂತ ಗೊತ್ತಾತಲ್ಲ. ಪಾಪ, ಸುಮ್ನ ಅವರ ಮ್ಯಾಲೆ ಸಂಶೆ ಪಡ್ತಿದ್ದೆ."

ತಮಾಷೆಯೆಂದರೆ, ಮಾವನವರ ಬಾಲ್ಯದ ಗೆಳೆಯ ಖಾದರಸಾಬರೇ ಊರಿನ ಒಳ್ಳೆಯ ಎಲೆಕ್ಟ್ರಿಷಿಯನ್. ದಿನಾ ಸಂಜೆ ನಮ್ಮ ಕಟ್ಟೆಯ ಮೇಲೆ ಚಹಾ ಕುಡಿಯುತ್ತಾ ಕೂರುತ್ತಿದ್ದರು.

"ಶೆಟ್ರ, ಒಮ್ಮೆ ಬಿಚ್ಚಿ ನೋಡ್ತೇನಿ ಬಿಡ್ರಿ."

"ನಿನ್ನ ಅಂಗಡ್ಯಾಗ ಬಂದು ನಾ ಬೀಜ ಮಾರೇನೇನು? ಚಹಾ ಕುಡಿ."

"ನಾ ಬೀಜ ಮಾರೂದಿಲ್ಲಲ್ರೀ!"

"ಮಾರಿದ್ರೂ ನಾ ಬರ್ತಿದ್ದಿಲ್ಲ. ಚಹಾ ಕುಡಿ."

ಹೀಗೆ ಒಂದು ವರ್ಷ ಕಳೆಯಿತು. ನಾನಾಗ ಐದು ತಿಂಗಳ ಬಸುರಿ. ಒಂದು ಬೆಳಿಗ್ಗೆ ನನ್ನ ಗಂಡ ಹಾವೇರಿಯ ಆಫೀಸಿಗೆ ಬಸ್ಸು ಹಿಡಿಯಲು ಹೋಗಿದ್ದರು, ಅತ್ತೆ ಹಿತ್ತಲಲ್ಲಿದ್ದರು. ಒಬ್ಬಳೇ ಪಿನ್ನನ್ನು ವಾಲಿಸಿ ಸಿಕ್ಕಿಸಿ, ಒದ್ದೆ ಕೈಯಲ್ಲಿ ಮಿಕ್ಸಿ ಮುಟ್ಟಿದೆ. ಮೊಣಕೈಯವರೆಗೆ ಯಾರೋ ಒದ್ದಂತಾಯಿತು. ಜಾಡಿ ಒಂದು ಕಡೆ, ನಾನು ಒಂದು ಕಡೆ.

ಸದ್ದಿಗೆ ಮೊದಲು ಬಂದವರು ಮಾವನವರು. ನಾನು ಗೋಡೆಗೊರಗಿ ಹೊಟ್ಟೆ ಹಿಡಿದು ಕೂತಿದ್ದೆ. "ಏನಾಗಿಲ್ರೀ ಮಾವಾರ," ಎಂದೆ. ಅವರು ಮೇನ್ ಸ್ವಿಚ್ಚು ಬಂದ್ ಮಾಡಿದರು, ಅತ್ತೆಯನ್ನು ಕೂಗಿ ನನ್ನನ್ನು ಅವರ ಕೈಗೆ ಕೊಟ್ಟರು, ಬೀದಿಗೆ ಓಡಿದರು. ಟೊಪ್ಪಿಗೆ ಇಲ್ಲದೆ ಅಂಗಳಕ್ಕೂ ಇಳಿಯದ ಮನುಷ್ಯ ಬರಿತಲೆಯಲ್ಲಿ, ಬರಿಗಾಲಲ್ಲಿ ಓಡಿಹೋಗಿದ್ದರು. ಮೊದಲು ಡಾಕ್ಟರು ಬಂದರು, ಕೂಸಿಗೆ ಏನೂ ಆಗಿಲ್ಲ ಎಂದರು. ಅವರ ಹಿಂದೆಯೇ ಖಾದರಸಾಬರು ಬಂದರು.

ಖಾದರಸಾಬರು ಪಾಯಿಂಟು ಬಿಚ್ಚಿದರು. ಒಳಗೆ ತಂತಿ ಸುಟ್ಟು ಕರಿಯಾಗಿ ಜೋತುಬಿದ್ದು ಅರ್ಥಿಂಗ್ ಪಿನ್ನಿಗೆ ತಾಗಿತ್ತು. ಆ ಅರ್ಥಿಂಗ್ ತಂತಿಯೋ, ಗೋಡೆಯೊಳಗೆ ಗೇಣುದ್ದ ಹೋಗಿ ಅಲ್ಲೇ ಮುಗಿದಿತ್ತು! ಭೂಮಿಗೆ ಇಳಿಯಬೇಕಾದ ಕರೆಂಟು ಮಿಕ್ಸಿಯ ಮೈಗೆ ಬಂದಿತ್ತು.

ಮಾವನವರು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಖಾದರಸಾಬರು ಈಗ ಆಡಿಕೊಂಡರೆ ಯಾರೂ ತಡೆಯುವಂತಿರಲಿಲ್ಲ. ಅವರು ಸುಟ್ಟ ತಂತಿಯನ್ನು ಕತ್ತರಿಸಿ, ಯಾರಿಗೂ ತೋರಿಸದೆ ತಮ್ಮ ಕಿಸೆಗೆ ಹಾಕಿಕೊಂಡರು.

"ಕೆಲಸ ಚಲೋನ ಮಾಡಿದ್ರಿ ಶೆಟ್ರ. ವಯಸ್ಸಾಗಿತ್ತು ಅದಕ್ಕ, ಅಷ್ಟ."

ಅಂದೇ ಹಿತ್ತಲಲ್ಲಿ ಅರ್ಥಿಂಗಿಗೆ ಗುಂಡಿ ತೋಡಿದರು. ಆಳು ಕರೆಯಲು ಬಿಡದೆ ಮಾವನವರೇ ಹಾರೆ ಹಿಡಿದರು. ಇಷ್ಟು ಆಳ ಸಾಕು ಎಂದು ಖಾದರಸಾಬರು ಹೇಳಿದ ಮೇಲೂ ಇನ್ನೊಂದು ಮೊಳ ತೋಡಿದರು. ಇದ್ದಲು, ಉಪ್ಪು ತುಂಬಿ, ಕೊಳವೆ ಹುಗಿದು, ಹೊಸ ತಂತಿ, ಹೊಸ ಪಾಯಿಂಟು ಕೂಡಿಸಿದರು. ಮಿಕ್ಸಿ ಒಂದೇ ಕೈಯಲ್ಲಿ ತಿರುಗಿತು.

ಮರುದಿನ ಬೆಳಿಗ್ಗೆ ಅಡುಗೆಮನೆಗೆ ಹೊರಟವಳು ಬಾಗಿಲಲ್ಲೇ ನಿಂತೆ. ಒಳಗೆ ಮಾವನವರೊಬ್ಬರೇ ಇದ್ದರು. ಸ್ವಿಚ್ಚು ಹಾಕಿ, ಕಣ್ಣು ಮುಚ್ಚಿ, ಬಲಗೈಯ ಹಿಂಭಾಗವನ್ನು ಮೆಲ್ಲಗೆ ಮಿಕ್ಸಿಗೆ ತಾಗಿಸಿದರು. ಏನೂ ಆಗಲಿಲ್ಲ. ಇನ್ನೊಮ್ಮೆ ತಾಗಿಸಿದರು. ಆಮೇಲೆ ಜಾಡಿಗೂ ತಾಗಿಸಿದರು.

ನಾನು ಮುಂದೆ ಹೆಜ್ಜೆ ಇಡುವಷ್ಟರಲ್ಲಿ ಅತ್ತೆ ಹಿಂದಿನಿಂದ ಬಂದು ನನ್ನ ತೋಳು ಹಿಡಿದರು.

"ನಿಂದ್ರ ಯವ್ವಾ," ಎಂದು ಕಿವಿಯಲ್ಲಿ ಹೇಳಿದರು. "ನೀ ನೋಡಿದ್ದು ಗೊತ್ತಾದ್ರ ನಾಚಿಕೋತಾರ."

ಅವತ್ತಿನಿಂದ ಎಷ್ಟೋ ವರ್ಷ, ಬೆಳಿಗ್ಗೆ ಮಾವನವರು ಅಡುಗೆಮನೆಯಿಂದ ಹೊರಗೆ ಬರುವವರೆಗೆ ನಾನು ಹಿತ್ತಲಲ್ಲಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾ ನಿಲ್ಲುತ್ತಿದ್ದೆ.