ತೊಟ್ಟಿಲೊಳಗಿನ ಸ್ಪೇನ್ ಬಾಟಲಿ

ಬೆಳಿಗ್ಗೆ ಆರೂವರೆಗೆ ಬಾಜುಮನೆ ಫಕೀರೇಶನ ಲೇತ್ ಮಷೀನು ಕರ್ರ್ ಎಂದು ಶುರುವಾಯಿತೆಂದರೆ ಕಲಘಟಗಿಯ ಆ ಓಣಿಗೆ ಬೆಳಗಾಯಿತು ಎಂದೇ ಅರ್ಥ. ತೊಟ್ಟಿಲಿನ ಕಾಲು ಕಡೆಯುವ ಆ ಸದ್ದು ಕೇಳಿಯೇ ಕೃಷ್ಣಾಜಿ ಮಾಸ್ತರರು ಕಟ್ಟಿಗೆ ಸಾಗವಾನಿಯೋ ಮತ್ತಿಯೋ, ಹಸಿಯದೋ ಒಣಗಿದ್ದೋ ಎಂದು ಹಾಸಿಗೆಯಲ್ಲಿ ಮಲಗಿಕೊಂಡೇ ಹೇಳುತ್ತಿದ್ದರು. ಯಾರೂ ಕೇಳಿರುತ್ತಿರಲಿಲ್ಲ. ಆದರೂ ಹೇಳುತ್ತಿದ್ದರು.

ಆ ಭಾನುವಾರ ಮಾತ್ರ ಅವರು ಕಟ್ಟಿಗೆಯ ಮಾತೆತ್ತಲಿಲ್ಲ. ಎದ್ದವರೇ ಕನ್ನಡಿಯ ಮುಂದೆ ನಿಂತು, ಮೂಗನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ನೋಡಿಕೊಂಡು, ತಮಗೆ ತಾವೇ ಹೇಳಿಕೊಂಡರು: "ಇವತ್ತ ಸಂಜಿ ನಾಕೂವರಿಗೆ ಈ ಮೂಗು ಏನಂತ ಸ್ಪೇನ್ ದೇಶಕ್ಕ ಗೊತ್ತಾಗಬೇಕು."

ಸ್ಪೇನ್ ದೇಶ ಆ ಮನೆಗೆ ಬಂದದ್ದು ಮೂರು ವರ್ಷದ ಹಿಂದೆ. ಮಾಸ್ತರರು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾಗಿ, ಹಿತ್ತಲ ಚಪ್ಪರದಲ್ಲಿ ತೊಟ್ಟಿಲುಗಳಿಗೆ ಅರಗಿನ ಬಣ್ಣ ಹಾಕುತ್ತ ಕೂತಿದ್ದ ಕಾಲ. ಎಲೇನಾ ಎಂಬ ಹೆಣ್ಣುಮಗಳು ಆ ಬಣ್ಣದ ಕೆಲಸ ಕಲಿಯಲೆಂದು ಹುಬ್ಬಳ್ಳಿಯಲ್ಲಿ ಕೋಣೆ ಹಿಡಿದು, ಮೂರು ತಿಂಗಳು ದಿನಾ ಬಸ್ಸಿನಲ್ಲಿ ಬಂದು ಹೋದಳು. ಹೊರಡುವ ದಿನ ಒಂದು ಬಾಟಲಿ ಕೊಟ್ಟಳು. ರಿಯೋಹಾ ಎಂಬ ಸೀಮೆಯ ಕೆಂಪು ವೈನು. ಓಕ್ ಮರದ ಪೀಪಾಯಿಯಲ್ಲಿ ಐದು ವರ್ಷ, ಆಮೇಲೆ ಬಾಟಲಿಯಲ್ಲಿ ಇನ್ನೂ ಹತ್ತು ವರ್ಷ ನೆಲಮಾಳಿಗೆಯ ಕತ್ತಲಲ್ಲಿ ಮಲಗಿ ಎದ್ದು ಬಂದದ್ದು.

"ಆ ಪೀಪಾಯಿ ಮಾಡಿದ್ದು ನನ್ನಪ್ಪ," ಎಂದಿದ್ದಳು ಎಲೇನಾ. "ಅವನು ಮಾಡಿದ ಕೊನೆಯ ಪೀಪಾಯಿಗಳಲ್ಲಿ ಒಂದು. ಈಗ ಕಣ್ಣು ಕಾಣುವುದಿಲ್ಲ. ವೈದ್ಯರು ಕುಡಿಯಲೂ ಬಿಡುವುದಿಲ್ಲ. ವೈನು ತಿಳಿದವರು ನೂರು ಮಂದಿ ಅವನಿಗೆ ಸಿಗುತ್ತಾರೆ. ಕಟ್ಟಿಗೆ ತಿಳಿದವನ ಬಾಯಿಂದ ಒಂದು ಮಾತು ಕೇಳಬೇಕಂತೆ. ಕುಡಿದು ಹೇಳಿ."

ಮಾಸ್ತರರು ಎದೆಯ ಮೇಲೆ ಕೈಯಿಟ್ಟು ಮಾತು ಕೊಟ್ಟರು. ಕೊಟ್ಟ ಮಾತನ್ನೂ ಬಾಟಲಿಯನ್ನೂ ಹಿಂದಿನ ಕೋಣೆಯ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದರು. ಒಂದು ಒಳ್ಳೆಯ ದಿನ ಬರಲಿ ಎಂದುಕೊಂಡರು.

ಒಳ್ಳೆಯ ದಿನ ಬರಲೆಂದು ಆ ಟ್ರಂಕಿನಲ್ಲಿ ಬಹಳ ಸಾಮಾನುಗಳು ಕಾದು ಕೂತಿದ್ದವು. ಜರ್ಮನಿಯ ಕುಂಚಗಳ ಒಂದು ಡಬ್ಬಿ, ಕೂದಲು ಉದುರಿ ಬರೀ ಹಿಡಿಕೆಯಾಗಿತ್ತು. ಬೀಗರು ಹೊದಿಸಿದ ಶಾಲು. ಮದುವೆಯ ಇಪ್ಪತ್ತೈದನೇ ವರ್ಷಕ್ಕೆಂದು ದ್ವಾರಕಾಬಾಯಿಗೆ ಗುಟ್ಟಾಗಿ ತಂದಿದ್ದ ಇಲಕಲ್ ಸೀರೆ. ಆ ದಿನ ಮಳೆ ಇತ್ತೆಂದು ಕೊಟ್ಟಿರಲಿಲ್ಲ. ಈಗ ಮದುವೆಗೆ ಮೂವತ್ತೊಂದು.

ಬಾಟಲಿಯ ವಿಷಯದಲ್ಲಿ ಅವರು ಸುಮ್ಮನೆ ಕೂತಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಇಂಥ ಹಳೆಯ ವೈನಿನಲ್ಲಿ ಚರ್ಮ, ತಂಬಾಕು, ಒಣಗಿದ ಅಂಜೂರ, ದೇವದಾರುಗಳ ವಾಸನೆ ಇರುತ್ತದೆಂದು ಮೊಬೈಲಿನಲ್ಲಿ ಓದಿದರು. ಹೆಂಡದಂಗಡಿಯ ನೆರಳೂ ತಾಗದ ಮಾಸ್ತರರಿಗೆ ಇದು ಅಂಥ ದೊಡ್ಡ ವಿದ್ಯೆ ಎನಿಸಲಿಲ್ಲ. ದೇವದಾರು ಎಂದರೆ ಪೆನ್ಸಿಲು ಕೆತ್ತಿದ ಸಿಪ್ಪೆ. ಮೂವತ್ತು ವರ್ಷ ಅದರ ನಡುವೆಯೇ ಅನ್ನ ತಿಂದಿದ್ದರು. ತಂಬಾಕಿಗೆ ಪಾನಂಗಡಿ ಇತ್ತು. ಚರ್ಮಕ್ಕೆ ಸಂತೆಪೇಟೆಯ ದಾವೂದಸಾಬನ ಚಪ್ಪಲಿ ಅಂಗಡಿಗೆ ಹೋಗಿ, ಹೊಸ ಜೋಡಿಯನ್ನೆತ್ತಿ ಕಣ್ಣುಮುಚ್ಚಿ ಮೂಗಿಗೆ ಹಿಡಿದರು.

ದಾವೂದಸಾಬ ಬಹಳ ಹೊತ್ತು ನೋಡಿದ. ಕೊನೆಗೆ, "ಮಾಸ್ತರ, ಅದನ್ನ ಕಾಲಿಗೆ ಹಾಕ್ಕೊಂಡ ನೋಡ್ರಿ. ಗಿರಾಕಿ ಎಲ್ಲಾ ಹಂಗ ನೋಡತಾರ," ಎಂದ.

"ವಾಸನಿ ನೋಡಾಕತ್ತೇನಿ, ದಾವೂದ."

"ನೋಡ್ರಿ, ಬ್ಯಾಡ ಅನ್ನೂದಿಲ್ಲ. ಹಳೇವು ಬೇಕಂದ್ರ ಮಸೂತಿ ಬಾಗಲದಾಗ ಶುಕ್ರವಾರ ಬೇಕಾದಷ್ಟು ಇರತಾವ."

ಎಲೇನಾ ವರ್ಷಕ್ಕೊಮ್ಮೆ ಕೇಳುತ್ತಿದ್ದಳು: ತೆರೆದಿರಾ? ಮಾಸ್ತರರು ವರ್ಷಕ್ಕೊಮ್ಮೆ ಬರೆಯುತ್ತಿದ್ದರು: ಮೂಗು ತಯಾರಾಗುತ್ತಿದೆ. ಈ ಸಲ ಅವಳು ಕೇಳಲಿಲ್ಲ. ಭಾನುವಾರ ನಿಮ್ಮ ನಾಲ್ಕೂವರೆಗೆ ವಿಡಿಯೋ ಕರೆ ಮಾಡುತ್ತೇನೆ, ಅಪ್ಪ ದಿನದಿನಕ್ಕೆ ಇಳಿಯುತ್ತಿದ್ದಾನೆ, ದಯವಿಟ್ಟು ಮುಂದೆ ಹಾಕಬೇಡಿ ಎಂದು ಬರೆದಿದ್ದಳು. ಅದೇ ಭಾನುವಾರ ಮಗಳು ಗೌತಮಿಯ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯವೂ ಇತ್ತು. ಮಧ್ಯಾಹ್ನ ಕೂಸಿನ ಹೆಸರು, ಸಂಜೆ ವೈನಿನ ರುಚಿ. ಒಳ್ಳೆಯ ದಿನ ಕೊನೆಗೂ ಬಂತು ಎಂದು ಮಾಸ್ತರರು ಹಿಗ್ಗಿದರು.

ಎಂಟು ಗಂಟೆಗೆ ಒಳಗಿನಿಂದ ದ್ವಾರಕಾಬಾಯಿಯ ಧ್ವನಿ ಬಂತು. "ರೀ, ಟ್ರಂಕಿನ ಕೀಲಿ ಕೊಡ್ರಿ. ಹಾಸಾಕ ಜಮಖಾನಿ ಬೇಕು."

ಟ್ರಂಕು! ಮಾಸ್ತರರು ಆ ವಯಸ್ಸಿನಲ್ಲೂ ಓಡಿದರು. "ನಾನ ತಗದ ಕೊಡತೇನಿ, ನೀ ಅಡಗಿ ನೋಡು," ಎನ್ನುತ್ತ ಬಾಟಲಿಯನ್ನು ಹೊರಗೆಳೆದು, ಅರಳೆ ಸುತ್ತಿ, ಅದರ ಮೇಲೆ ಹಳೆಯ ಧೋತರದ ಬಿಳಿ ತುಂಡನ್ನು ಮೂರು ಸುತ್ತು ಸುತ್ತಿದರು. ಎಲ್ಲಿಡುವುದು? ಅಡ್ಡ ಮಲಗಿಸಬೇಕು, ಅಲುಗಾಡಿಸಬಾರದು. ಅಲುಗಿದರೆ ತಳದಲ್ಲಿ ಕೂತ ಗಷ್ಟೆಲ್ಲ ಮೇಲೆದ್ದು ವೈನು ಕದಡುತ್ತದೆ ಎಂದು ಓದಿದ್ದರು. ಮನೆ ತುಂಬ ಜನ. ಆಗ ಪಡಸಾಲೆಯಲ್ಲಿ, ಅವರೇ ಎರಡು ತಿಂಗಳು ಕೂತು ಬಣ್ಣ ಹಾಕಿದ ಹೊಸ ತೊಟ್ಟಿಲು ಕಣ್ಣಿಗೆ ಬಿತ್ತು. ಬರಿ ತೊಟ್ಟಿಲು ತೂಗಬಾರದು ಎಂಬ ಭಯಕ್ಕೆ ಶಾಸ್ತ್ರ ಆಗುವವರೆಗೆ ಅದನ್ನು ಯಾರೂ ಮುಟ್ಟುವುದಿಲ್ಲ. ಇಡೀ ಕಲಘಟಗಿಯಲ್ಲಿ ಅಷ್ಟು ಸುರಕ್ಷಿತವಾದ ಜಾಗ ಇನ್ನೊಂದಿರಲಿಲ್ಲ. ಮಾಸ್ತರರು ಬಾಟಲಿಯನ್ನು ಅದರಲ್ಲಿ ಮಲಗಿಸಿ ದುಪ್ಪಟಿ ಹೊದಿಸಿದರು. ಜಮಖಾನೆ ಹಾಸಿದ ಮೇಲೆ ಎತ್ತಿಡೋಣ ಎಂದುಕೊಂಡರು.

"ಹೂವು ಇನ್ನೂ ಬಂದಿಲ್ಲ, ಲಗೂನ ಹೋಗ್ರಿ," ಎಂದು ದ್ವಾರಕಾಬಾಯಿ ಕೈಗೆ ಚೀಲ ಕೊಟ್ಟಳು.

ಹೂವು ಹುಬ್ಬಳ್ಳಿ ಬಸ್ಸಿಗೆ ಬರಬೇಕಿತ್ತು. ಬಸ್ಸು ಹೊತ್ತಿಗೆ ಬರಲಿಲ್ಲ. ಹೂವಿನವಳು ಬರತೈತ್ರಿ, ಬರತೈತ್ರಿ ಎನ್ನುತ್ತ ಮಾಸ್ತರರನ್ನು ಹನ್ನೊಂದೂವರೆಯವರೆಗೆ ಕೂಡಿಸಿದಳು. ಕಾಯುವುದು ಅವರಿಗೆ ರೂಢಿಯಾದ ಕೆಲಸವಾದ್ದರಿಂದ ಕೂತರು.

ಮಲ್ಲಿಗೆ ದಂಡೆ ಹಿಡಿದು ಬಾಗಿಲಿಗೆ ಬರುವಾಗ ಒಳಗಿನಿಂದ ಹಾಡು ಕೇಳಿಸಿತು. ಮಾಸ್ತರರ ಕಾಲು ಹೊಸ್ತಿಲಲ್ಲೇ ನಿಂತಿತು.

ಕೂಸನ್ನು ಹಾಕುವ ಮೊದಲು ತೊಟ್ಟಿಲಿಗೆ ಒರಳಿನ ಗುಂಡುಕಲ್ಲನ್ನು ಹಾಕುವುದು ಪದ್ಧತಿ. ಕಲ್ಲಿಗೆ ತಲೆ-ಬೆನ್ನು ಮುಚ್ಚುವ ಕೂಸಿನ ಕುಂಚಿಗೆ ತೊಡಿಸಿ, ಕುಂಕುಮವಿಟ್ಟು, ಗುಂಡಪ್ಪ ಎಂದು ಕರೆದು, ಮುತ್ತೈದೆಯರು ತೊಟ್ಟಿಲಿನ ಮೇಲಿಂದೊಮ್ಮೆ ಕೆಳಗಿಂದೊಮ್ಮೆ ಕೈಯಿಂದ ಕೈಗೆ ದಾಟಿಸುತ್ತಾರೆ. ಕೂಸು ಕಲ್ಲಿನಂತೆ ಗಟ್ಟಿಯಾಗಲಿ ಎಂದು. ಒರಳಿನ ಗುಂಡು ಹಿತ್ತಲಲ್ಲಿ ಆರಾಮಾಗಿ ಬಿಸಿಲು ಕಾಯುತ್ತಿತ್ತು. ಫಕೀರೇಶನ ತಾಯಿ ಬಸವಣ್ಣೆವ್ವನ ಕೈಯಲ್ಲಿ, ಹಳದಿ ಕುಂಚಿಗೆ ತೊಟ್ಟು, ಸ್ಪೇನ್ ದೇಶ ಕೂತಿತ್ತು.

"ಗುಂಡಪ್ಪನ ತಗೋರಿ, ಗೋಪಾಲನ ಕೊಡ್ರಿ," ಎಂದು ಬಸವಣ್ಣೆವ್ವ ಅದನ್ನು ತೊಟ್ಟಿಲಿನ ಕೆಳಗೆ ತೂರಿಸಿದಳು. ಆಚೆಯವಳು ಹಿಡಿದು ಮೇಲೆತ್ತಿದಳು. ಹದಿನೈದು ವರ್ಷ ಕತ್ತಲಲ್ಲಿ ತಪಸ್ಸು ಮಾಡಿದ ವೈನು ಕೆಳಗಿಂದ ಮೇಲೆ, ಮೇಲಿಂದ ಕೆಳಗೆ ಸವಾರಿ ಹೊರಟಿತು.

"ಸಾವಕಾಶ... ಸಾವಕಾಶ ಮಾಡ್ರಿ, ಬಸವಣ್ಣೆವ್ವಾರ," ಎಂದರು ಮಾಸ್ತರರು. ಅಷ್ಟು ಜನ ಹೆಂಗಸರ ಮುಂದೆ ಬೇರೇನು ಹೇಳಲು ಸಾಧ್ಯವಿತ್ತು?

"ಕಲ್ಲಿಗೆ ಏನಾಗತೈತ್ರಿ ಮಾಸ್ತರ? ನೀವು ಶಾಣ್ಯಾರು, ಮೊದಲ ಅರಿವಿ ಸುತ್ತಿ ಮಲಗಿಸಿಟ್ಟೀರಿ. ನಮ್ಮನ್ಯಾಗ ಗಂಡಸೂರಿಗೆ ಒರಳು ಎಲ್ಲೈತಿ ಅಂತ ಗೊತ್ತಿಲ್ಲ," ಎಂದಳು ಬಸವಣ್ಣೆವ್ವ. ಆಮೇಲೆ ಕೈಯಲ್ಲಿ ತೂಗಿ ನೋಡಿ, "ಆದ್ರ ಗುಂಡಪ್ಪ ಭಾಳ ಹಗುರ ಅದಾನ ಬಿಡವಾ," ಎಂದಳು.

"ಈಗಿನ ಕಲ್ಲು ಮೊದಲಿನಂಗ ಎಲ್ಲಿ ಅದಾವ," ಎಂದಳು ಇನ್ನೊಬ್ಬಳು.

ಐದು ಸುತ್ತು ಮುಗಿಸಿ ಗುಂಡಪ್ಪನನ್ನು ತೊಟ್ಟಿಲಲ್ಲಿ ಮಲಗಿಸಿ ಜೋರಾಗಿ ತೂಗಿದರು. ಪ್ರತಿ ತೂಗಿಗೂ ಮಾಸ್ತರರ ತಲೆ ಎಡಕ್ಕೂ ಬಲಕ್ಕೂ ಹೋಯಿತು. ತಾತ ಜೋಗುಳಕ್ಕೆ ತಾಳ ಹಾಕುತ್ತಿದ್ದಾನೆಂದು ಹೆಂಗಸರು ಮೆಚ್ಚಿದರು. ಅಷ್ಟರಲ್ಲಿ ಬಸವಣ್ಣೆವ್ವ ಬಗ್ಗಿದಳು. "ದ್ವಾರಕಾಬಾಯಿ, ಕುಂಕುಮ ಹಸಿ ಆಗಿ ಇಳಿಯಾಕತ್ತೈತಿ ನೋಡ್ರಿ."

ಹಳೆಯ ಬಿರಡೆ ಸೋತಿತ್ತು. ಕುಂಚಿಗೆಯ ಮೇಲೆ ಕೆಂಪು ಕಲೆ ಅಂಗೈಯಗಲ ಹರಡಿತ್ತು. ದ್ವಾರಕಾಬಾಯಿ ಎತ್ತಿಕೊಂಡಳು, ಮೂಸಿದಳು, ಹೊಸ್ತಿಲಲ್ಲಿ ನಿಂತ ಗಂಡನನ್ನು ನೋಡಿದಳು. ಮೂವತ್ತೊಂದು ವರ್ಷದಲ್ಲಿ ಹಾಗೆ ನೋಡಿರಲಿಲ್ಲ.

"ಗುಂಡಪ್ಪಗ ಜಳಕಾ ಮಾಡಿಸಿ ಬರತೇನಿ. ನೀವು ಕೂಸಿನ ಹಾಕ್ರಿ," ಎಂದು ಅಡಿಗೆಮನೆಗೆ ನಡೆದಳು. ಮಾಸ್ತರರು ಹಿಂದೆ ಹೋದರು.

"ಏನ್ರಿ ಇದು?"

"ಪೀಪಾಯಿ."

"ಏನು?"

"ಅಂದ್ರ ಪೀಪಾಯಿನ್ಯಾಗಿಂದು. ಎಲೇನಾ ಕೊಟ್ಟಿದ್ದಳು."

"ಸೆರೆ."

"ಸೆರೆ ಅಲ್ಲ, ವೈನು. ಅದರಾಗ ಅಂಜೂರ, ತಂಬಾಕ..."

"ಕೂಸಿನ ತೊಟ್ಟಲದಾಗ ಸೆರೆ ಬಾಟ್ಲಿ ಮಲಗಿಸಿ ಐದ ಮಂದಿ ಮುತ್ತೈದೇರ ಕಡೆ ಜೋಗುಳ ಹಾಡಿಸಿದ್ರಿ. ಈ ಊರಾಗ ಹಿಂದ ಯಾರೂ ಮಾಡಿದ್ದಿಲ್ಲ, ಮುಂದ ಯಾರೂ ಮಾಡೂದಿಲ್ಲ."

"ಮೆತ್ತಗ ಮಾತಾಡ."

"ಮೆತ್ತಗ ಮಾತಾಡಾಕತ್ತೇನಿ ಅಂತನ ನೀವು ಇನ್ನೂ ಮಾಸ್ತರ ಅನಿಸ್ಕೊಂಡ ಹೊರಗ ಹೋಗತೀರಿ."

ಮಾಸ್ತರರು ಎಲ್ಲವನ್ನೂ ಹೇಳಿದರು. ಪೀಪಾಯಿ, ಕುರುಡು ಮುದುಕ, ಕೊಟ್ಟ ಮಾತು, ನಾಲ್ಕೂವರೆ. ದ್ವಾರಕಾಬಾಯಿಯ ಮುಖ ಮೆಲ್ಲಗೆ ಬದಲಾಯಿತು.

"ಮುದುಕ ಮೂರು ವರ್ಷದಿಂದ ಕಾಯಾಕತ್ತಾನ?"

"ಹೂಂ."

"ನೀವು ಏನ ಮಾಡಾಕತ್ತಿದ್ರಿ?"

"ನಾನೂ ಕಾಯಾಕತ್ತಿದ್ದೆ."

"ಯಾತಕ್ಕ?"

ಮಾಸ್ತರರು ಒಲೆಯ ಕಡೆ ನೋಡಿದರು. ಹೊರಗೆ ಮೊಮ್ಮಗಳಿಗೆ ಹೆಸರಿಡುತ್ತಿದ್ದರು. ಕಿವಿಯಲ್ಲಿ ಏನು ಹೇಳಿದರೆಂದು ಅವರಿಗೆ ಕೇಳಿಸಲಿಲ್ಲ.

ಅರ್ಧವನ್ನು ಅರಳೆ, ಧೋತರಗಳೇ ಕುಡಿದಿದ್ದವು, ಬಾಟಲಿಯಲ್ಲಿ ಅರ್ಧ ಉಳಿದಿತ್ತು. ಕೆರೆಯ ತಳ ಕಲಕಿದ ಹಾಗೆ ರಾಡಿಯಾಗಿತ್ತು, ಮೇಲೆ ಬಿರಡೆಯ ಪುಡಿ ತೇಲುತ್ತಿತ್ತು. ದ್ವಾರಕಾಬಾಯಿ ಚಹಾದ ಗಾಳಣಿ ತಂದು, ಜಗತ್ತಿನ ದೊಡ್ಡ ವೈನುಗಳಲ್ಲಿ ಒಂದನ್ನು ಸ್ಟೀಲ್ ಲೋಟಕ್ಕೆ ಸೋಸಿದಳು.

ನಾಲ್ಕೂವರೆಗೆ ಬಂದವರೆಲ್ಲ ಹೋಗಿದ್ದರು. ಗೌತಮಿ ಮೊಬೈಲು ಹಿಡಿದು ಕೂತಳು. ಎಲೇನಾಳ ಪಕ್ಕದಲ್ಲಿ ಅವಳಪ್ಪ ಕಣ್ಣುಮುಚ್ಚಿ ಕೂತಿದ್ದ. ಅವನ ಎರಡು ಕೈಗಳೂ ಮಡಿಲಲ್ಲಿದ್ದವು. ಗಂಟುಗಂಟಾದ ಬೆರಳು, ಹೆಬ್ಬೆರಳಿನ ಉಗುರು ಸೀಳಿತ್ತು. ಅದು ಉಳಿ ಜಾರಿದ ಗುರುತು ಎಂದು ಮಾಸ್ತರರಿಗೆ ನೋಡಿದ ಕೂಡಲೇ ತಿಳಿಯಿತು.

ಅವರು ಲೋಟವೆತ್ತಿ ಒಂದು ಗುಟುಕು ಕುಡಿದರು. ಹುಳಿ. ರಾಡಿ. ನಾಲಿಗೆಯ ತುದಿಯಲ್ಲಿ ಗಷ್ಟು. ಚರ್ಮ ಎನ್ನಬೇಕೆಂದು ಬಾಯಿ ತೆರೆದರು. ಆ ಕೈಗಳನ್ನು ನೋಡಿದರು.

"ನನಗ ತಿಳಿಯಲಿಲ್ಲ," ಎಂದರು. "ನಾ ಅದನ್ನ ಕೆಡಿಸಿಬಿಟ್ಟೆ. ಹಂಗ ಹೇಳು ಅವರಿಗೆ, ಗೌತಮಿ."

ಗೌತಮಿ ಹೇಳುವ ಮೊದಲೇ ಬಾಗಿಲಿಗೊರಗಿ ನಿಂತಿದ್ದ ದ್ವಾರಕಾಬಾಯಿ, "ಒಣಕೊಬ್ಬರಿ ವಾಸನಿ ಬರತೈತಿ," ಎಂದಳು. "ಕುಂಚಿಗಿ ಒಗಿವಾಗ ಬಂತು. ಹಳೇ ಬಟ್ಟಲ ಕೊಬ್ಬರಿ, ಕಟಗಿ ಪೆಟ್ಟಿಗ್ಯಾಗ ಇಟ್ಟಿದ್ದು. ಮೂರು ಸಲ ಒಗದೇನಿ, ಇನ್ನೂ ಐತಿ."

ಗೌತಮಿ ಅದನ್ನು ಇಂಗ್ಲಿಷಿಗೆ ಹಾಕಿದಳು, ಎಲೇನಾ ತನ್ನ ಭಾಷೆಗೆ. ಮುದುಕನ ಕೈಗಳು ಮಡಿಲಿಂದ ಮೇಲೆದ್ದವು. ಏನೋ ಹೇಳಿದ, ಮತ್ತೆ ಹೇಳಿದ.

"ಕೊಬ್ಬರಿ ಅವರ ಕಟಗಿದಂತ, ಅವ್ವಾ," ಎಂದಳು ಗೌತಮಿ. "ಅಮೆರಿಕಾದ ಓಕ್ ತರಿಸಿ ಆ ಪೀಪಾಯಿ ಮಾಡಿದ್ದರಂತ. ಆ ವಾಸನಿ ಅದರದ. ಯಾರರ ಹೇಳಲಿ ಅಂತನ ಕಾಯಾಕತ್ತಿದ್ದರಂತ."

ದ್ವಾರಕಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮುದುಕ ಮತ್ತೊಂದು ಪ್ರಶ್ನೆ ಕೇಳಿದ. ಗೌತಮಿ ಅಪ್ಪನ ಕಡೆ ತಿರುಗಿದಳು.

"ಯಾಕ ಇಷ್ಟ ದಿನಾ ಇಟ್ಟರಿ ಅಂತ ಕೇಳತಾರ, ಅಪ್ಪಾ."

"ಇಟ್ಟಷ್ಟೂ ಛಲೋ ಆಗತೈತಿ ಅಂತ ಇಟ್ಟೆ ಅನ್ನು."

ಮಾತು ಸ್ಪೇನಿಗೆ ಹೋಗಿ ವಾಪಸು ಬಂತು. ಮುದುಕ ನಗುತ್ತಿದ್ದ, ಹಲ್ಲಿಲ್ಲದ ಒಳ್ಳೆಯ ನಗು.

"ಇಡೂ ಕೆಲಸ ನಾವು ಮಾಡಿ ಮುಗಿಸೇ ಕಳಿಸಿರತೇವಿ ಅಂತ, ಅಪ್ಪಾ. ಹದಿನೈದು ವರ್ಷ ಅದಕ್ಕ ಇಡತಾರಂತ, ತಗೊಂಡವರು ಕಾಯಬಾರದು ಅಂತ. ನಿಮಗ ಉಳಿದಿದ್ದು ಕುಡಿಯೂ ಕೆಲಸ ಒಂದ ಅಂತಾರ."

ಕರೆ ಮುಗಿದ ಮೇಲೆ ಮಾಸ್ತರರು ಲೋಟದಲ್ಲಿ ಉಳಿದದ್ದನ್ನು ಗಷ್ಟಿನ ಸಮೇತ ಕುಡಿದು ಕೆಳಗಿಟ್ಟರು. ತೊಟ್ಟಿಲಲ್ಲಿ ಕೂಸು ಮಿಸುಕಿತು. ದ್ವಾರಕಾಬಾಯಿ ಒಗೆದ ಕುಂಚಿಗೆಯನ್ನು ಮೂಸಿ ನೋಡಿ ಹಗ್ಗಕ್ಕೆ ಹಾಕುತ್ತಿದ್ದಳು. ಉಟ್ಟಿದ್ದು ಹೋದ ದೀಪಾವಳಿಯ ಸೀರೆ, ಅಂಚಿನಲ್ಲಿ ಅರಿಸಿನದ ಕಲೆ.

"ದ್ವಾರಕಾ," ಎಂದರು.

"ಏನ್ರಿ, ಇನ್ನೇನ ಮುಚ್ಚಿಟ್ಟೀರಿ?"

"ಆ ಟ್ರಂಕಿನ ತಳದಾಗ ನಿನ್ನದೊಂದು... ಆರು ವರ್ಷ ಆತು, ಮಡಿಕ್ಯಾಗ ಹರದೈತೋ ಏನೋ, ಹರದಿದ್ದರೂ ಇವತ್ತ ನೀ ಅದನ್ನ ಉಡಬೇಕು," ಎನ್ನುತ್ತಲೇ ಮಾಸ್ತರರು ಎದ್ದು, ಸೊಂಟದ ಕೀಲಿ ತಡಕುತ್ತ, ಹಿಂದಿನ ಕೋಣೆಯ ಕಡೆಗೆ ನಡೆದರು.