ಕಳೆಯದೇ ಉಳಿದ ಅರವತ್ತು ದಿನ

ಬೆಳಿಗ್ಗೆ ಹತ್ತೂವರೆಗೆ ಜೈಲಿನ ದಫ್ತರದ ಗುಮಾಸ್ತನ ಎದೆ ಧಸಕ್ಕೆಂದಿತು. ಬೇರೇನೋ ಹುಡುಕುತ್ತಿದ್ದವನ ಕೈಗೆ ಒಬ್ಬ ದರ್ಜಿ ಕೈದಿಯ ಕಡತ ಸಿಕ್ಕಿತ್ತು. ಪಕ್ಕದ ಮನೆಯವನ ಎರಡು ಹಲ್ಲು ಉದುರಿಸಿದ್ದಕ್ಕೆ ದರ್ಜಿಗೆ ಒಂದು ವರ್ಷದ ಶಿಕ್ಷೆಯಾಗಿತ್ತು. ತೀರ್ಪಿಗೆ ಮೊದಲೇ ಅವನು ಅರವತ್ತು ದಿನ ಒಳಗಿದ್ದ. ಅದನ್ನು ಶಿಕ್ಷೆಯಿಂದ ಕಳೆಯಿರಿ ಎಂದು ನ್ಯಾಯಾಧೀಶರು ಸ್ಪಷ್ಟವಾಗಿ ಬರೆದಿದ್ದರು. ಕಳೆಯಬೇಕಾದವನು ಗುಮಾಸ್ತ. ಕಳೆದಿರಲಿಲ್ಲ. ದರ್ಜಿ ಮನೆಗೆ ಹೋಗಬೇಕಾದ ದಿನ ದಾಟಿ ಆಗಲೇ ತಿಂಗಳಾಗಿತ್ತು.

"ಅಯ್ಯಯ್ಯೋ! ಒಂದು ತಿಂಗಳು ಸುಮ್ಮಸುಮ್ಮನೆ ಕೂಡಿಹಾಕಿದೀನಲ್ಲ!"

ಜೋರಾಗಿ ಅಂದದ್ದೇ ತಪ್ಪಾಯಿತು. ಆ ಕಚೇರಿಯಲ್ಲಿ ಕಾಗದ ತೆವಳುತ್ತಿತ್ತು, ಸುದ್ದಿ ಮಾತ್ರ ಓಡುತ್ತಿತ್ತು. ಹೆಡ್ ವಾರ್ಡರ್ ಟೀ ಲೋಟದ ಸಮೇತ ಹಾಜರಾದ.

"ಇನ್ನೊಂದು ತಿಂಗಳಿಗೆ ಅವನದು ತಾನಾಗೇ ಮುಗಿಯುತ್ತೆ. ನಿಮ್ಮ ಮೂವತ್ತು ವರ್ಷ ತುಂಬೋಕೂ ಮೂರೇ ತಿಂಗಳು. ಇರಲಾರದೆ ಇರುವೆ ಯಾಕೆ ಬಿಟ್ಕೋತೀರಿ?"

ಆ ಇಲಾಖೆಯಲ್ಲಿ ಮೂವತ್ತು ವರ್ಷದ ಸೇವೆ ತುಂಬಿದವರು ಮರುದಿನ ಕುರ್ಚಿ ಮುಟ್ಟುವಂತಿರಲಿಲ್ಲ. ಅಷ್ಟರಲ್ಲಿ ವಿಚಾರಣೆ ಬಂದರೆ ಪಿಂಚಣಿ ಹೋದೀತೆಂದು ಗುಮಾಸ್ತನಿಗೂ ಭಯವಿತ್ತು. ಆದರೆ ಅನ್ನ ತಿನ್ನುವ ಮನುಷ್ಯ. ಕಡತ ಎದೆಗವಚಿಕೊಂಡು ಸಾಹೇಬರ ಕೋಣೆಗೆ ಹೋದ.

ಸಾಹೇಬರು ಓದಿ ಬಿಳಿಚಿಕೊಂಡರು. "ಏನ್ರೀ ಇದು! ಅಕ್ರಮ ಬಂಧನ! ಈಗಲೇ ಬಿಡುಗಡೆ ಆಜ್ಞೆ ತಯಾರು ಮಾಡಿ. ಲೆಕ್ಕ ಮಾಡಿದ ನಿಮ್ಮ ಸಹಿ ಮೊದಲು, ಆಮೇಲೆ ನನ್ನದು. ಕಾಯಿದೆ ಅಂದ್ರೆ ಕಾಯಿದೆ."

ಗುಮಾಸ್ತ ಬೆವರುತ್ತಲೇ ಸಹಿ ಹಾಕಿದ. ನಾಲ್ಕು ಗಂಟೆಗೆ ದರ್ಜಿ ತನ್ನ ಬಟ್ಟೆ ಹಾಕಿಕೊಂಡು ಗೇಟಿನ ಬೆಂಚಿಗೆ ಬಂದು, ಸಾಹೇಬರ ಸಹಿಗೆ ಕಾಯುತ್ತ ಕೂತ. ತಾನೇ ಹೊಲಿದ ಷರಟು ತನಗೇ ದೊಗಳೆಯಾಗಿತ್ತು.

ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಆಜ್ಞೆ ಟೈಪು ಮಾಡಿದ್ದ ಟೈಪಿಸ್ಟಮ್ಮನಿಗೆ ನ್ಯಾಯದ ಹುಮ್ಮಸ್ಸು ಏರಿತ್ತು. ಗುಮಾಸ್ತನ ಸೇವಾ ಪುಸ್ತಕ ಹಿಡಿದು ಸಾಹೇಬರ ಮುಂದೆ ನಿಂತಳು.

"ಸರ್, ಇವರಿಗೂ ಅನ್ಯಾಯ ಆಗಿದೆ. ನೇಮಕದ ಆಜ್ಞೆಗೆ ಮುಂಚೆ ನಾಲ್ಕು ತಿಂಗಳು ಹಂಗಾಮಿಯಾಗಿ ದುಡಿದಿದ್ದಾರೆ. ಅದನ್ನ ಯಾರೂ ಸೇರಿಸೇ ಇಲ್ಲ!"

"ಪಾಪ, ಸೇರಿಸೋಣ. ಕೈದಿಗೊಂದು ನ್ಯಾಯ, ಗುಮಾಸ್ತನಿಗೊಂದು ನ್ಯಾಯವೇ?" ಎಂದರು ಸಾಹೇಬರು.

ಪಕ್ಕದಲ್ಲೇ ನಿಂತಿದ್ದ ಗುಮಾಸ್ತ ಹಿಗ್ಗಿದ. ಸಾಹೇಬರು ಬೆರಳು ಮಡಿಸಿ ಎಣಿಸಿದರು. ಮತ್ತೆ ಎಣಿಸಿದರು. ಪೆನ್ನು ಕೈಜಾರಿ ಬಿತ್ತು.

"ರೀ! ನಿಮ್ಮ ಮೂವತ್ತು ವರ್ಷ ತುಂಬಿ ಒಂದು ತಿಂಗಳಾಯ್ತು! ನೀವು ಈಗ ನೌಕರರೇ ಅಲ್ಲ!"

ಗುಮಾಸ್ತ ಗೇಟಿನತ್ತ ಕೈ ತೋರಿಸಿದ. "ಹಾಗಾದ್ರೆ... ದರ್ಜಿ?"

"ಹೊರಗಿನವರ ಸಹಿಗೆ ಕೈದಿ ಬಿಡೋಕಾಗುತ್ತೇನ್ರೀ? ಆಜ್ಞೆ ರದ್ದು. ಹೊಸ ಗುಮಾಸ್ತರು ಬರಲಿ, ನೋಡೋಣ. ಇವತ್ತಿನ ನಿಮ್ಮ ಹಾಜರಿನೂ ರದ್ದು. ಮೊದಲು ಮನೆಗೆ ಹೋಗಿ!"

ಗುಮಾಸ್ತ ತಲೆ ತಗ್ಗಿಸಿಕೊಂಡು ಗೇಟಿಗೆ ಬಂದ. ಸಾಹೇಬರ ಫೋನು ಅವನಿಗಿಂತ ಮುಂಚೆ ಬಂದಿತ್ತು. ಕಾವಲುಗಾರ ಒಂದು ಪುಸ್ತಕದಲ್ಲಿ ಅವನ ಹೆಸರಿಗೆ ಗೀಟು ಎಳೆದು, ಇನ್ನೊಂದು ಪುಸ್ತಕ ತೆರೆದ.

"ನೌಕರರ ಪುಸ್ತಕದಲ್ಲಿ ನೀವಿಲ್ಲ. ಭೇಟಿಗೆ ಬಂದವರ ಪುಸ್ತಕದಲ್ಲೂ ಇಲ್ಲ. ಒಳಗೆ ಬಂದಿದ್ದಕ್ಕೇ ದಾಖಲೆ ಇಲ್ಲದವರನ್ನ ಹೊರಗೆ ಹ್ಯಾಗೆ ಬಿಡ್ಲಿ ಸರ್?"

"ಲೋ! ಹದಿನೈದು ವರ್ಷದಿಂದ ದಿನಾ ನನಗೆ ಸಲಾಮು ಹೊಡೀತಿದೀಯಲ್ಲೋ!"

"ಮುಖ ನೋಡಿ ಬಿಟ್ಟರೆ ನನ್ನ ಕೆಲಸ ಹೋಗುತ್ತೆ ಸರ್. ಮೇಲಿನವರಿಂದ ಕಾಗದ ಬರೋವರೆಗೂ ಅಲ್ಲೇ ಕೂತಿರಿ."

ಗುಮಾಸ್ತ ಬೆಂಚಿನತ್ತ ತಿರುಗಿದ. ಬೆಂಚಿನ ಮೇಲಿದ್ದ ದರ್ಜಿ, ದೊಗಳೆ ಷರಟನ್ನು ಒತ್ತರಿಸಿಕೊಂಡು, ಸರಿದು ಜಾಗ ಮಾಡಿಕೊಟ್ಟ.

"ಕೂತ್ಕೊಳ್ಳಿ ಸರ್," ಎಂದ ಮೆತ್ತಗೆ. "ಇವತ್ತಿನ ದಿನಾನ ಈಗಲೇ ಎಲ್ಲಾದ್ರೂ ಬರೆಸಿಬಿಡಿ. ಆಮೇಲೆ ಕಳೆಯೋಕೆ ಮರೀತಾರೆ."