ಎಂಟು ಗನ್ನು, ಮೂರು ನಿಂಬೆಹಣ್ಣು

ನಮ್ಮ ವಿಮಾನದ ಹ್ಯಾಂಗರಿನ ಬಾಗಿಲು ತೆರೆದರೆ ಸಾಕು, ಯಾವುದಾದರೊಂದು ಅವಾಂತರ ಒಳಗೆ ಕಾದು ಕೂತಿರುತ್ತೆ. ನಾನು ಮೈಸೂರಿನ ಫ್ಯಾಕ್ಟರಿಯೊಂದರ ಟೂಲ್‌ರೂಮಿನಲ್ಲಿ ಕೆಲಸ ಕಲಿತವಳು. ರಿಟೈರ್ ಆದಮೇಲೆ ಅಮೆರಿಕದ ವೆಸ್ಟ್ ವಿಂಡ್ಸರ್ ಊರಿನ ಮನೆಯಲ್ಲಿ ಕೈಕಟ್ಟಿ ಕೂರೋಕಾಗದೆ, ಪ್ರತಿ ಶನಿವಾರ ಒಂದು ಸಣ್ಣ ವಿಮಾನ ಮ್ಯೂಸಿಯಮ್ಮಿಗೆ ಬಿಟ್ಟಿ ಕೆಲಸಕ್ಕೆ ಹೋಗ್ತೀನಿ. ಜೊತೆಗೆ ಜರ್ಸಿ ಸಿಟಿಯಲ್ಲಿ ಹೋಟೆಲ್ ಇಟ್ಟಿರೋ ಮಂಗಳೂರಿನ ಕ್ರಿಶ್ಚಿಯನ್ ಅಂಕಲ್. ನಮ್ಮಿಬ್ಬರ ಮೇಲೆ ಅಮೆರಿಕನ್ ವರ್ಕ್‌ಶಾಪ್ ಯಜಮಾನರು. ಸೀನಿದರೂ ರಿಜಿಸ್ಟರಿನಲ್ಲಿ ಬರೀಬೇಕು ಅನ್ನೋ ಆಸಾಮಿ.

ಅಲ್ಲಿರೋದು ಎರಡನೇ ಮಹಾಯುದ್ಧದ ಮೀಡಿಯಂ ಬಾಂಬರ್. ಅದು ಮ್ಯೂಸಿಯಮ್ಮಿನದಲ್ಲ, ಒಬ್ಬ ಅಜ್ಜಿಯದು. ಅವರಪ್ಪ ಯುದ್ಧದಲ್ಲಿ ಇಂಥ ವಿಮಾನಕ್ಕೆ ಮೆಕ್ಯಾನಿಕ್. ಗಾಜಿನ ಮೂತಿ ಕಿತ್ತು, ತಗಡು ಹೊಡೆದು, ಎಂಟು ಮೆಷಿನ್ ಗನ್ ಕೂರಿಸಿದ್ದರಂತೆ. "ಅಪ್ಪ ಮಾಡಿದ ಹಾಗೇ ಮೂತಿ ಮಾಡಿ. ಸರಿ ಕಾಣಲಿಲ್ಲ ಅಂದರೆ ವಿಮಾನ ಬೇರೆ ರಾಜ್ಯಕ್ಕೆ ಹೋಗುತ್ತೆ" ಅಂದಿದ್ದರು ಅಜ್ಜಿ. ವಿಮಾನ ಹೋದರೆ ನಮ್ಮ ಶನಿವಾರಗಳೂ ಹೋದ ಹಾಗೇ. ಅದೇ ನನಗೆ ಸಂಕಟ.

ಡಿಕ್ಕಿಯಲ್ಲಿ ಏನಿದೆ?

ನಿಜವಾದ ಗನ್ ನಮಗೆ ಯಾರು ಕೊಡ್ತಾರೆ? ಕೊಳಾಯಿ ಪೈಪೇ ಗತಿ. ಎಂಟು ಪೈಪಿಗೂ ಮನೆಯಲ್ಲೇ ಕಪ್ಪು ಬಣ್ಣ ಬಳಿದು ಕಾರಿಗೆ ತುಂಬಿದೆ. ಡಿಕ್ಕಿ ಮುಚ್ಚಲಿಲ್ಲ, ಹಗ್ಗ ಕಟ್ಟಿ ನಾನೂ ಅಂಕಲ್ಲೂ ಹೊರಟೆವು. ದಾರಿಯಲ್ಲಿ ಪೊಲೀಸಪ್ಪ ನಿಲ್ಲಿಸಿದ.

"ಹಿಂದೆ ಏನಮ್ಮ ಅದು?"

ಸುಳ್ಳು ಹೇಳಿ ಅಭ್ಯಾಸವಿಲ್ಲ ನನಗೆ. "ಮೆಷಿನ್ ಗನ್, ಆಫೀಸರ್" ಅಂದುಬಿಟ್ಟೆ.

ಅವನ ಕೈ ಸೊಂಟಕ್ಕೆ ಹೋಯಿತು. ಪಕ್ಕದಲ್ಲಿ ಅಂಕಲ್ ಜಪಸರ ಹುಡುಕತೊಡಗಿದರು. "ಪೈಪ್ ಅಂತ ಹೇಳ್ಲಿಕ್ಕೆ ಎಂತ ಧಾಡಿ ನಿಮಗೆ ಮಾರಾಯ್ರೆ!" ಅಂತ ಹಲ್ಲು ಕಡಿದರು.

ಪೊಲೀಸಪ್ಪ ಹಿಂದೆ ಹೋಗಿ ಬಗ್ಗಿ ನೋಡಿದ, ಬೆರಳಿಂದ ತಟ್ಟಿದ, ವಾಪಸ್ ಬಂದ. ಮುಖದಲ್ಲಿ ನಗು.

"ಮೊದಲು ಅಂಗಡಿಯ ಬೆಲೆಚೀಟಿ ಕೀಳಿ, ಆಮೇಲೆ ಯುದ್ಧಕ್ಕೆ ಹೋಗಿ" ಅಂದ.

ಡ್ರಾಯಿಂಗ್ ಎಲ್ಲಿ?

ಟೂಲ್‌ರೂಮಿನವಳಿಗೆ ಡ್ರಾಯಿಂಗ್ ಇಲ್ಲದೆ ಕೈ ಓಡಲ್ಲ. ಕೇಳಿದೆ. ಯಜಮಾನರು ಮಸುಕು ಮಸುಕಾದ ಒಂದು ಫೋಟೋ ಕೊಟ್ಟರು. "ಇಷ್ಟೇ ಇರೋದು. ಆ ಮೆಕ್ಯಾನಿಕ್‌ಗಳು ರನ್‌ವೇ ಪಕ್ಕದಲ್ಲಿ, ಸಿಕ್ಕ ಸಾಮಾನಿನಲ್ಲಿ ಮಾಡಿದ್ದು. ಅದಕ್ಕೇ ಫೀಲ್ಡ್ ಮಾಡಿಫಿಕೇಶನ್ ಅನ್ನೋದು."

ಗನ್ ಹಾರಿಸಿದಾಗ ಆ ಅದುರಾಟಕ್ಕೆ ವಿಮಾನದ ತಗಡು ಜೋಡಿಸಿದ ರಿವೆಟ್ಟೇ ಕಿತ್ತು ಬರ್ತಿತ್ತಂತೆ. ಹಾಗಾಗಿ ಪಕ್ಕದಲ್ಲಿ ದಪ್ಪ ತಗಡಿನ ತೇಪೆ ಬೇಕು. ಮುಂದಿನ ವಾರ ಅಂಕಲ್ ಸೊಗಸಾದ ತಗಡು ತಂದರು. ಕತ್ತರಿಸಿ ಕೂರಿಸಿದೆವು, ಹೇಳಿ ಮಾಡಿಸಿದ ಹಾಗೆ ಕೂತಿತು.

"ಎಲ್ಲಿಂದ ಬಂತು ಇದು?" ಯಜಮಾನರು ಮೂಸಿದರು.

"ಸಾಂಬಾರ್ ಪಾತ್ರೆಯ ಮುಚ್ಚಳ" ಅಂದರು ಅಂಕಲ್.

ಯಜಮಾನರು ರಿಜಿಸ್ಟರಿನಲ್ಲಿ 'ಫೀಲ್ಡ್ ಮಾಡಿಫಿಕೇಶನ್' ಅಂತ ಬರೆದುಕೊಂಡರು. ಅವತ್ತಿನಿಂದ ಮನೆಯಲ್ಲಿ ಉಪ್ಪಿಟ್ಟು ಗಂಟಾದರೂ ನಾನು 'ಫೀಲ್ಡ್ ಮಾಡಿಫಿಕೇಶನ್' ಅಂತಲೇ ಹೇಳ್ತೀನಿ. ನಮ್ಮನೆಯವರು ಜಾಸ್ತಿ ಚಟ್ನಿ ಹಾಕಿಕೊಂಡು ತಿಂತಾರೆ.

ಆಯುಧಪೂಜೆ

ಅಜ್ಜಿ ಬರೋದು ಭಾನುವಾರ. ಹಿಂದಿನ ದಿನವೇ ಆಯುಧಪೂಜೆ. ಎಲ್ಲರೂ ಕಾರಿಗೆ, ಲ್ಯಾಪ್‌ಟಾಪಿಗೆ ಪೂಜೆ ಮಾಡ್ತಾರೆ. ನಮ್ಮ ಹತ್ತಿರ ಸಾಕ್ಷಾತ್ ಆಯುಧವೇ ಇರುವಾಗ ಬಿಡೋದುಂಟಾ?

"ನಮ್ಮ ಇಗರ್ಜಿಯಲ್ಲೂ ಪಾದ್ರಿಗಳು ಗಾಡಿಗೆ ಆಶೀರ್ವಾದ ಮಾಡುವುದುಂಟು, ಮಾಡುವ" ಅಂದರು ಅಂಕಲ್.

ಯಜಮಾನರು ಊಟಕ್ಕೆ ಹೋದ ಸಮಯ ನೋಡಿ, ಎಂಟು ಗನ್ನಿನ ಬಾಯಿಗೂ ಕುಂಕುಮ ಕಲಸಿ ಹಚ್ಚಿದೆ. ಮೂರು ಚಕ್ರದ ಮುಂದೆ ಮೂರು ನಿಂಬೆಹಣ್ಣು ಇಟ್ಟೆ. ಆಮೇಲೆ ಹೊಳೆಯಿತು, ಗಾಡಿ ಮುಂದೆ ಹೋಗಿ ಹಣ್ಣು ಅಪ್ಪಚ್ಚಿ ಆಗಬೇಕಲ್ಲ? ಈ ವಿಮಾನ ಅಲ್ಲಾಡದೆ ಎಷ್ಟು ಕಾಲವಾಯಿತೋ!

"ಇರಲಿ ಬಿಡಿ. ದೇವರಿಗೆ ಗೊತ್ತಾಗ್ತದೆ" ಅಂದರು ಅಂಕಲ್. ಯಜಮಾನರ ಕಣ್ಣಿಗೆ ಬೀಳದಿರಲಿ ಅಂತ ಮೂತಿಗೆ ಟಾರ್ಪಾಲು ಹೊದಿಸಿದೆವು.

ಭಾನುವಾರ ಬೆಳಿಗ್ಗೆ ಟಾರ್ಪಾಲು ತೆಗೆದು ಒರೆಸೋಕೆ ಹೋದರೆ, ಅಯ್ಯೋ ದೇವರೇ, ಕುಂಕುಮ ಕಪ್ಪು ಬಣ್ಣಕ್ಕೆ ಇಳಿದುಬಿಟ್ಟಿದೆ. ಉಜ್ಜಿದಷ್ಟೂ ಹರಡಿತು. ಎಂಟು ಗನ್ನೂ ಎಲೆಅಡಿಕೆ ಹಾಕಿಕೊಂಡ ಹಾಗೆ ಕಾಣ್ತಿದ್ದವು. ಹೊರಗೆ ಅಜ್ಜಿಯ ಕಾರು ನಿಂತ ಸದ್ದು. ವರ್ಷವಿಡೀ ಪಟ್ಟ ಶ್ರಮವೆಲ್ಲ ನನ್ನ ಒಂದು ಚಿಟಿಕೆ ಭಕ್ತಿಯಿಂದ ನೀರುಪಾಲಾಯಿತಲ್ಲ ಅಂತ ಕಣ್ಣಲ್ಲಿ ನೀರೇ ಬಂತು. ಅಂಕಲ್ ಬಟ್ಟೆ ಟೇಪ್ ಹರಿದು ಹರಿದು ಕೊಟ್ಟರು, ನಾನು ಎಂಟೂ ಬಾಯಿ ಮುಚ್ಚಿದೆ.

ಅಜ್ಜಿ ಬಂದರು. ಮೂತಿಯ ಮುಂದೆ ನಿಂತರು. ಕನ್ನಡಕ ಏರಿಸಿಕೊಂಡು ಒಂದೊಂದೇ ಗನ್ ನೋಡಿದರು. "ಟೇಪ್ ಹಾಕಿದ್ದು ಯಾರು?" ಅಂತ ಯಜಮಾನರು ನನ್ನ ಕಿವಿಯ ಹತ್ತಿರ ಗುರುಗುಟ್ಟಿದರು.

"ಇದನ್ನು ನಿಮಗೆ ಯಾರು ಹೇಳಿದರು?" ಅಂದರು ಅಜ್ಜಿ. ಬ್ಯಾಗಿನಿಂದ ಇನ್ನೊಂದು ಫೋಟೋ ತೆಗೆದರು. ಅವರಪ್ಪ ವಿಮಾನದ ಮುಂದೆ ನಿಂತಿದ್ದಾರೆ, ಹಿಂದೆ ಎಂಟು ಗನ್ನು, ಎಂಟರ ಬಾಯಿಗೂ ಟೇಪು! "ರನ್‌ವೇ ಧೂಳು ಒಳಗೆ ಹೋಗಬಾರದು ಅಂತ ಅಪ್ಪ ಹೀಗೇ ಅಂಟಿಸ್ತಿದ್ದರು. ಇಷ್ಟು ಯೋಚನೆ ಮಾಡಿದ್ದೀರಲ್ಲ! ವಿಮಾನ ಇಲ್ಲೇ ಇರಲಿ."

ಅಬ್ಬಾ! ಹೋದ ಜೀವ ಬಂದ ಹಾಗಾಯಿತು. ಅಂಕಲ್ ಶಿಲುಬೆ ಗುರುತು ಹಾಕಿಕೊಂಡರು. ನಾನು ಉಳಿದ ಟೇಪನ್ನು ಟೂಲ್‌ಬಾಕ್ಸಿನೊಳಗೆ ಬಚ್ಚಿಟ್ಟೆ.

"ಬಿಸಿಲಿಗೆ ಎಳೀತೀರಾ? ಒಂದು ಫೋಟೋ ಬೇಕು" ಅಂದರು ಅಜ್ಜಿ. ಟ್ರ್ಯಾಕ್ಟರ್ ಕಟ್ಟಿದರು. ವಿಮಾನ ಒಂದು ಗೇಣು ಮುಂದೆ ಹೋಗಿದ್ದೇ ತಡ, ಪಚಕ್! ಪಚಕ್! ಪಚಕ್!

ಅಜ್ಜಿ ಬೆಚ್ಚಿದರು. "ಏನದು?"

ಯಜಮಾನರು ಬಗ್ಗಿ ಚಕ್ರ ನೋಡಿದರು, ರಸ ಮುಟ್ಟಿ ಮೂಸಿದರು, ನನ್ನ ಮುಖವನ್ನೇ ದಿಟ್ಟಿಸಿದರು. ಆಮೇಲೆ ನಿಧಾನವಾಗಿ ರಿಜಿಸ್ಟರ್ ತೆಗೆದರು.

"ಫೀಲ್ಡ್ ಮಾಡಿಫಿಕೇಶನ್, ಮೇಡಂ."